ಸಿಸ್ಟರಕ್ಕನ ಎಡಗಾಲು

ಕಾಪು ಸುತ್ತಮುತ್ತ ಮೂವತ್ತೈದರ ಒಳಗಿನ ಯಾರನ್ನಾದರೂ ಹಿಡಿದು ನಿಲ್ಲಿಸಿ, ಎಡತೋಳು ತೋರಿಸಲು ಹೇಳಿ. ಅಲ್ಲಿ ಕಡಲೆಬೇಳೆಯಷ್ಟು ದೊಡ್ಡದೊಂದು ಹಳೆಯ ಚುಚ್ಚುಮದ್ದಿನ ಕಲೆ ಇದ್ದರೆ ಅದು ಹೆಚ್ಚುಕಡಿಮೆ ಗುಣವತಿ ಸಿಸ್ಟರಕ್ಕನ ಸಹಿ ಎಂದೇ ತಿಳಿಯಬೇಕು. ಮೂವತ್ತಮೂರು ವರ್ಷ ಅವರು ಸರಕಾರಿ ಆರೋಗ್ಯ ಸಹಾಯಕಿಯಾಗಿ ಮನೆಮನೆ ತಿರುಗಿದವರು, ಅದೂ ಸೈಕಲಿನಲ್ಲಿ. ಹಿಂದೆ ಕ್ಯಾರಿಯರಿನಲ್ಲಿ ಲಸಿಕೆಯ ನೀಲಿ ಪೆಟ್ಟಿಗೆ, ಮುಂದೆ ಹ್ಯಾಂಡಲಿನಲ್ಲಿ ಮಗು ತೂಗುವ ಸ್ಪ್ರಿಂಗ್ ತಕ್ಕಡಿ, ನಡುವೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡ ಗುಣವತಿ. ಆ ಬೆಲ್ ಕೇಳಿದರೆ ಮಕ್ಕಳು ಹಟ್ಟಿಯ ಹಿಂದೆ ಅಡಗುತ್ತಿದ್ದವು, ಅಜ್ಜಿಯಂದಿರು ಬೆಲ್ಲ ನೀರು ತರಲು ಒಳಗೆ ಹೋಗುತ್ತಿದ್ದರು.

ನಿವೃತ್ತಿಯ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, "ಇನ್ನು ಆರಾಮ ಮಾಡಿ ಸಿಸ್ಟರ್" ಎಂದು ಎಲ್ಲರೂ ಹಾರೈಸಿದರು. ಗುಣವತಿ ಹದಿಮೂರು ದಿನ ಆರಾಮ ಮಾಡಿದರು. ಹದಿನಾಲ್ಕನೆಯ ದಿನ ಉಡುಪಿಗೆ ಬಸ್ಸಿನಲ್ಲಿ ಹೋಗಿ, ಗೇರ್ ಇರುವ ಸೈಕಲೊಂದನ್ನು ಕೊಂಡು, ಅದರಲ್ಲೇ ತುಳಿದುಕೊಂಡು ಮನೆಗೆ ಬಂದರು. ಗಂಡ ಶೇಖರಣ್ಣ ಉಡುಪಿ-ಕಾರ್ಕಳ ಖಾಸಗಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರಾಗಿದ್ದವರು. ಯಾವುದೇ ವಾಹನ ಬಂದು ನಿಂತರೂ ಅವರ ಕಣ್ಣು ಮೊದಲು ಗಡಿಯಾರಕ್ಕೆ ಹೋಗುತ್ತದೆ.

"ಇದೆಂತ ಮಾರಾಯ್ತಿ? ಇನ್ನು ಯಾರ ಮನೆಗೆ ಇಂಜೆಕ್ಷನ್?" ಅಂದರು.

"ಯಾರ ಮನೆಗೂ ಅಲ್ಲ. ಸುಮ್ಮನೆ."

ಆ 'ಸುಮ್ಮನೆ' ಎಷ್ಟು ದೊಡ್ಡ ಮಾತೆಂದು ಶೇಖರಣ್ಣನಿಗೆ ಆ ಹೊತ್ತಿಗೆ ಅರ್ಥವಾಗಲಿಲ್ಲ. ಅಲ್ಲಿಯವರೆಗೆ ಗುಣವತಿ ತುಳಿದ ಒಂದೊಂದು ಮೈಲಿಯ ಕೊನೆಗೂ ಯಾರದೋ ಬಾಣಂತಿ, ಯಾರದೋ ಜ್ವರ, ಯಾರದೋ ಅಳುವ ಮಗು ಇತ್ತು. ಕೊನೆಯಲ್ಲಿ ಏನೂ ಇಲ್ಲದ ದಾರಿಯಲ್ಲಿ ಹೋಗುವುದು ಇಷ್ಟು ಹಿತವಾಗಿರುತ್ತದೆಂದು ಅವರಿಗೆ ಅರುವತ್ತು ತುಂಬಿದ ಮೇಲೆ ಗೊತ್ತಾಯಿತು.

ಮಣಿಪಾಲದ ಸೈಕಲ್ ಬಳಗದವರ ಪರಿಚಯವಾದದ್ದು ಹೀಗೆ ಸುಮ್ಮನೆ ಹೋಗುವಾಗಲೇ. ಅವರು ಪ್ರತಿ ವರ್ಷ ಡಿಸೆಂಬರಿನಲ್ಲಿ 'ಇನ್ನೂರು' ನಡೆಸುತ್ತಾರೆ. ಬೆಳಿಗ್ಗೆ ಆರಕ್ಕೆ ಕಾಪುವಿನ ಕಡಲತೀರದ ದೀಪಸ್ತಂಭದ ಬಳಿ ಹೊರಟು ಉಡುಪಿ, ಮಣಿಪಾಲ, ಪೆರ್ಡೂರು, ಹೆಬ್ರಿ, ಕಾರ್ಕಳ ಹಿಡಿದು ಬಜಗೋಳಿಯ ಆಚೆ ನೂರು ಕಿಲೋಮೀಟರ್ ಮುಟ್ಟಿಸಿ, ಬಂದ ದಾರಿಯಲ್ಲೇ ಹಿಂದಿರುಗಬೇಕು. ಸಂಜೆ ಏಳೂವರೆಯ ಒಳಗೆ ಬಂದರೆ ಹೆಸರು ಪಟ್ಟಿಗೆ ಸೇರುತ್ತದೆ, ಒಂದು ನಿಮಿಷ ತಡವಾದರೂ ಇಲ್ಲ. ಬಹುಮಾನವಿಲ್ಲ, ಕಪ್ಪಿಲ್ಲ. ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಬಿಲ್ಲೆಯೊಂದನ್ನು ಕೊಡುತ್ತಾರಂತೆ. ಗುಣವತಿಗೆ ಅದು ಬೇಕೆನ್ನಿಸಿತು. ತನಗಾಗಿ ಮಾತ್ರ, ಬೇರೆ ಯಾರ ಒಳಿತಿಗೂ ಅಲ್ಲದೆ, ಒಂದನ್ನು ಅವರು ಬಯಸಿದ್ದು ಅದೇ ಮೊದಲು.

ಕಳೆದ ವರ್ಷ ಹೊರಟಿದ್ದರು. ನೂರ ಎಪ್ಪತ್ತೆಂಟು ಕಿಲೋಮೀಟರ್ ಚೆನ್ನಾಗಿಯೇ ಬಂದರು. ಹಿಂದಿರುಗುವಾಗ ಪರ್ಕಳದ ಏರಿನ ಬುಡದಲ್ಲಿ ಬಲದೊಡೆ ಕಲ್ಲಿನ ಹಾಗೆ ಹಿಡಿದುಕೊಂಡಿತು. ಸೈಕಲ್ ಪಕ್ಕಕ್ಕೆ ಹಾಕಿ ರಸ್ತೆ ಬದಿಯಲ್ಲಿ ಕೂತವರು ಅರ್ಧ ಗಂಟೆ ಏಳಲಾಗದೆ, ಕೊನೆಗೆ ಬಳಗದ ವ್ಯಾನಿನಲ್ಲಿ ಮನೆಗೆ ಬಂದರು. ಮನೆಯಲ್ಲಿ ಶೇಖರಣ್ಣ ಬಿಸಿನೀರು ಕಾಯಿಸಿ ಕೊಟ್ಟು, "ಟಯರ್ ಪಂಚರ್ ಆದ್ರೆ ಬಸ್ಸನ್ನು ಗುಜರಿಗೆ ಹಾಕ್ತಾರಾ?" ಅಂದಾಗ ಗಳಗಳನೆ ಅತ್ತುಬಿಟ್ಟರು. ಮರುದಿನ ಬೆಳಿಗ್ಗೆಯೇ ಈ ವರ್ಷದ ಇನ್ನೂರಕ್ಕೆ ಹೆಸರು ಕೊಡಲು ತೀರ್ಮಾನಿಸಿದ್ದರು.

ಈ ಸೆಪ್ಟೆಂಬರಿನ ಒಂದು ಭಾನುವಾರ ಅಕ್ಷಿತ್ ಬಂದ. ಅಕ್ಷಿತ್ ಮಣಿಪಾಲದಲ್ಲಿ ಫಿಸಿಯೋಥೆರಪಿ ಕಲಿಸುವ ಹುಡುಗ, ಬಳಗದ ಹುರುಪಿನ ಸವಾರ. ಅವನ ಎಡತೋಳಿನಲ್ಲೂ ಸಿಸ್ಟರಕ್ಕನ ಸಹಿ ಉಂಟು. ಅಂಗಳದಲ್ಲಿ ಕೂತು, ಬ್ಯಾಗಿನಿಂದ ಬಟ್ಟೆಯಲ್ಲಿ ಸುತ್ತಿದ ಏನನ್ನೋ ತೆಗೆದ.

"ಸಿಸ್ಟರಕ್ಕ, ಇದು ಪವರ್ ಮೀಟರ್. ನನ್ನ ಹಳೆಯದು. ಡಿಸೆಂಬರ್ ತನಕ ನಿಮ್ಮ ಸೈಕಲಿಗೆ ಹಾಕಿ ಕೊಡ್ತೇನೆ. ನೀವು ಎಷ್ಟು ಬಲ ಹಾಕಿ ತುಳಿಯುತ್ತೀರಿ ಅಂತ ಇದು ವ್ಯಾಟಿನಲ್ಲಿ ತೋರಿಸ್ತದೆ. ಕಳೆದ ಸಲ ಎಲ್ಲಿ ತಪ್ಪಿತು ಅಂತ ಗೊತ್ತಾಗ್ತದೆ."

"ಬೇಡ ಮಾರಾಯ," ಅಂದರು ಗುಣವತಿ, ಯೋಚನೆಯೇ ಮಾಡದೆ.

"ಯಾಕೆ?"

"ಬೇಡ ಅಂದ್ರೆ ಬೇಡ. ನನ್ನಷ್ಟಕ್ಕೆ ಖುಷಿಯಲ್ಲಿ ತುಳಿಯುತ್ತಾ ಇದ್ದೇನೆ. ಅದನ್ನು ಅಳೆದು ನೋಡುವುದು ಎಂತಕ್ಕೆ?"

ಅಕ್ಷಿತ್ ಮುಖ ಸಣ್ಣ ಮಾಡಿಕೊಂಡ. ಒಳಗಿನಿಂದ ಶೇಖರಣ್ಣ, "ಸರಿಯಾಗಿ ಹೇಳಿದಳು. ನಮ್ಮ ಬಸ್ಸಿಗೆ ಮೀಟರ್ ಇತ್ತು, ಒಂದು ದಿನವೂ ನಡೆಯಲಿಲ್ಲ. ಆದರೂ ಟೈಮಿಗೆ ಕಾರ್ಕಳ ಮುಟ್ಟುತ್ತಿತ್ತು" ಎಂದು ಬೆಂಬಲಕ್ಕೆ ಬಂದರು. ಗಂಡನ ಬೆಂಬಲ ಸಿಕ್ಕಿದ್ದೇ ತಡ, ಗುಣವತಿಗೆ ತನ್ನ ಮಾತಿನಲ್ಲಿ ಏನೋ ತಪ್ಪಿರಬೇಕೆಂಬ ಗುಮಾನಿ ಹತ್ತಿತು.

ಗುಮಾನಿಗೆ ಕಾರಣವಿತ್ತು. ಈ ಮಾತನ್ನು ಅವರು ಹಿಂದೆ ಕೇಳಿದ್ದರು, ಒಂದಲ್ಲ ನೂರು ಸಲ. ಮಗುವನ್ನು ತೂಗಲು ತಕ್ಕಡಿ ಬಿಚ್ಚಿದ ಕೂಡಲೇ ಮನೆಯ ಅಜ್ಜಿಯಂದಿರು ಅಡ್ಡ ನಿಲ್ಲುತ್ತಿದ್ದರು. ತೂಗಿದರೆ ದೃಷ್ಟಿಯಾಗುತ್ತದೆ, ಮಗು ಸೊರಗುತ್ತದೆ ಎಂಬ ಹೆದರಿಕೆ. ಅವರೆಲ್ಲರಲ್ಲಿ ಗಟ್ಟಿಗಿತ್ತಿಯೆಂದರೆ ಉಳಿಯಾರಗೋಳಿಯ ವಾರಿಜಕ್ಕ, ಈ ಅಕ್ಷಿತನ ಅಜ್ಜಿ. ಮೂರು ತಿಂಗಳ ಮೊಮ್ಮಗನನ್ನು ಎದೆಗೆ ಅವಚಿಕೊಂಡು, "ತಕ್ಕಡಿಗೆ ಹಾಕಲಿಕ್ಕೆ ಇದೆಂತ ಬಂಗುಡೆ ಮೀನಾ? ಚೆಂದಕ್ಕೆ ಉಂಟು ಮಗು. ಅಳೆದು ನೋಡುವುದು ಎಂತಕ್ಕೆ?" ಎಂದು ಅಂಗಳ ಗುಡಿಸುವ ಹಿಡಿಸೂಡಿಯನ್ನೇ ಎತ್ತಿದ್ದರು. ಗುಣವತಿ ಜಗಳಕ್ಕೆ ಹೋಗಲಿಲ್ಲ. ಅಲ್ಲೇ ಇದ್ದ ಕಾಡಿಗೆ ಡಬ್ಬಿಯಲ್ಲಿ ಬೆರಳದ್ದಿ, ತಕ್ಕಡಿಯ ಮುಖಕ್ಕೆ ದೊಡ್ಡದೊಂದು ಕಪ್ಪು ಬೊಟ್ಟು ಇಟ್ಟರು. "ದೃಷ್ಟಿ ಬೀಳುವುದಿದ್ದರೆ ಇದಕ್ಕೆ ಬೀಳಲಿ ವಾರಿಜಕ್ಕ, ಮಗುವಿಗೆ ಬೇಡ." ವಾರಿಜಕ್ಕ ಹಿಡಿಸೂಡಿ ಕೆಳಗಿಟ್ಟರು. ಅಂದು ತೂಗಿದ್ದಕ್ಕೇ ಗೊತ್ತಾದದ್ದು, ಚೆಂದ ಕಾಣುತ್ತಿದ್ದ ಮಗು ಒಂದು ಕಿಲೋ ಕಡಿಮೆ ಇತ್ತೆಂದು. ಆಮೇಲೆ ಪ್ರತಿ ಮನೆಯಲ್ಲೂ ಆ ಬೊಟ್ಟು ಕೆಲಸ ಮಾಡಿತು.

ಅಂಥ ಗುಣವತಿ ಈಗ ವಾರಿಜಕ್ಕನ ಜಾಗದಲ್ಲಿ ನಿಂತು ವಾರಿಜಕ್ಕನದೇ ಮಾತು ಆಡಿದ್ದರು. ಎದೆಗೆ ಅವಚಿಕೊಂಡದ್ದು ಮಗುವಲ್ಲ, ಖುಷಿ. ಅಳೆದರೆ ಎಲ್ಲಿ ಸೊರಗಿಬಿಡುತ್ತದೋ ಎಂಬ ಹೆದರಿಕೆ ಮಾತ್ರ ಅದೇ. ಅವರಿಗೆ ನಾಚಿಕೆಯೂ ಆಯಿತು, ನಗುವೂ ಬಂತು.

"ಹಾಕು, ಹಾಕು," ಅಂದರು. "ಹಾಕುವ ಮೊದಲು ಸೊನ್ನೆಗೆ ತಂದಿದ್ದೀಯಾ? ಖಾಲಿ ಜೋಲಿ ತೂಗಿ ಸೊನ್ನೆ ಮಾಡದೆ ನಾನು ಒಂದು ಮಗುವನ್ನೂ ತೂಗಿದವಳಲ್ಲ."

ಹಾಗೆ ಕೇಳಿದ ಯಾರನ್ನೂ ಅಕ್ಷಿತ್ ಈವರೆಗೆ ಕಂಡಿರಲಿಲ್ಲ. ಇದನ್ನೂ ಸೊನ್ನೆಗೆ ತರಬೇಕು, ಹೌದು ಎಂದು ಬೆರಗಾಗಿ ಹೇಳಿ, ಜೋಡಿಸಿ, ಸೊನ್ನೆ ಮಾಡಿದ.

ಮುಂದಿನ ಭಾನುವಾರ ಪರೀಕ್ಷೆ. ಕಾಪುವಿನಿಂದ ಶಿರ್ವದ ಕಡೆಗೆ ಇಪ್ಪತ್ತು ನಿಮಿಷ, ಇದ್ದಬದ್ದ ಬಲವೆಲ್ಲ ಹಾಕಿ ತುಳಿಯಬೇಕು. ಗುಣವತಿ ಉಸಿರು ಮೇಲೆ ಕೆಳಗೆ ಆಗುವ ಹಾಗೆ ತುಳಿದರು. ಕೊನೆಗೆ ಹ್ಯಾಂಡಲಿನ ಸಣ್ಣ ಪರದೆಯಲ್ಲಿ ಬಂದ ಸಂಖ್ಯೆ ತೊಂಬತ್ತಾರು.

"ತೊಂಬತ್ತಾರು ಅಂದ್ರೆ ಒಳ್ಳೆಯದಾ?"

ಅಕ್ಷಿತ್ ಸುಳ್ಳು ಹೇಳಲು ಬಾರದ ಹುಡುಗ. ಕತ್ತು ಕೆರೆದುಕೊಂಡ. "ಸಿಸ್ಟರಕ್ಕ, ಇಷ್ಟರಲ್ಲಿ ಇನ್ನೂರು ಕಷ್ಟ. ಹೆಬ್ರಿ ದಾರಿಯ ಏರು, ಪರ್ಕಳದ ಏರು... ಈ ಸಲ ನೂರಕ್ಕೆ ಹೆಸರು ಬದಲಿಸುವ, ಆಗದಾ? ಕಾರ್ಕಳದ ತನಕವೂ ಬೇಡ. ಹೆಬ್ರಿಯಿಂದ ಸ್ವಲ್ಪ ಮುಂದೆ ಹೋಗಿ ಹಿಂದೆ ಬಂದ್ರೆ ಆಯ್ತು."

ಗುಣವತಿ "ನೋಡುವ" ಅಂದರು. ಮನೆಗೆ ಬಂದು ಸೈಕಲನ್ನು ಗೋಡೆಗೆ ಒರಗಿಸಿದವರು ನಾಲ್ಕು ದಿನ ಅದರ ಹತ್ತಿರ ಹೋಗಲಿಲ್ಲ. ತೊಂಬತ್ತಾರು ಎಂಬುದು ತಲೆಯೊಳಗೆ ಕೂತು ಏಳುವುದಿಲ್ಲ ಎಂದಿತು. ನೀರುದೋಸೆ ಹೊಯ್ಯುವಾಗಲೂ ಅದೇ, ಬಟ್ಟೆ ಒಣಗಿಸುವಾಗಲೂ ಅದೇ. ಅಂದು ಆ ಅಜ್ಜಿಯಂದಿರು ಹೆದರಿದ್ದು ಇದಕ್ಕೇ ಅಲ್ವಾ, ಎಂದು ಮೂವತ್ತು ವರ್ಷ ತಡವಾಗಿ ಅವರಿಗೆ ಅನ್ನಿಸಿತು. ಪಾಪ, ತಾನು ಅವರನ್ನು ಎಷ್ಟು ಹಗುರವಾಗಿ ಕಂಡೆ.

ಶೇಖರಣ್ಣನಿಗೆ ಹೆಂಡತಿಯ ಈ ಅವಸ್ಥೆ ನೋಡಲಾಗಲಿಲ್ಲ. "ಆ ಡಬ್ಬಿಯನ್ನು ಕಿತ್ತು ಕೊಟ್ಟು ಬಾ. ಹೋಗುವವರಿಗೆ ದಾರಿ ಸಾಕು, ಅಳತೆ ಎಂತಕ್ಕೆ?" ಎಂದು ಐದನೆಯ ದಿನ ಗದರಿದರು. ಗುಣವತಿಗೂ ಸಾಕಾಗಿತ್ತು. ಕೊಡುವ ಮೊದಲು ತೊಳೆದಾದರೂ ಕೊಡಬೇಕಲ್ಲ ಎಂದು ಬಕೆಟ್ಟು, ಹಳೆಯ ಬನಿಯನ್ನು ಹಿಡಿದು ಸೈಕಲಿನ ಪಕ್ಕ ಮಣೆ ಹಾಕಿ ಕೂತರು. ಎಡಗಡೆಯ ಪೆಡಲ್ ಸಿಕ್ಕಿಸುವ ಕಬ್ಬಿಣದ ತೋಳಿನ ಒಳಬದಿಯಲ್ಲಿ ಬೆಂಕಿಪೊಟ್ಟಣದ ಅರ್ಧದಷ್ಟಿರುವ ಆ ಕಪ್ಪು ಡಬ್ಬಿ ಅಂಟಿಕೊಂಡಿತ್ತು. ಒರೆಸಿದರು. ಬಲಗಡೆಗೆ ಬಂದರು. ಅಲ್ಲಿ ಏನೂ ಇಲ್ಲ. ಕೈಯಿಂದ ಸವರಿ ನೋಡಿದರು, ಇಲ್ಲ. ಗಾಬರಿಯಾಗಿ ಫೋನ್ ಮಾಡಿದರು.

"ಅಕ್ಷಿತ್, ಬಲಗಡೆಯದ್ದು ಎಲ್ಲಿಯೋ ಬಿದ್ದುಹೋಗಿದೆ ಮಾರಾಯ. ಶಿರ್ವದ ದಾರಿಯಲ್ಲಿ ಹುಡುಕಬೇಕಾ?"

"ಬಿದ್ದಿಲ್ಲ ಸಿಸ್ಟರಕ್ಕ, ಅದು ಒಂದೇ ಇರುವುದು. ಎಡಗಾಲು ಹಾಕಿದ ಬಲವನ್ನು ಅಳೆದು, ಅದನ್ನು ಎರಡರಷ್ಟು ಮಾಡಿ ತೋರಿಸ್ತದೆ. ಎರಡೂ ಕಾಲು ಹೆಚ್ಚುಕಡಿಮೆ ಒಂದೇ ಅಲ್ವಾ?"

ಗುಣವತಿಯ ಕಣ್ಣ ಮುಂದೆ ಪಾಂಗಾಳದ ಒಂದು ಮನೆಯ ಜಗಲಿ ಬಂತು, ಅಲ್ಲಿ ಚಾಪೆಯ ಮೇಲೆ ಮಲಗಿದ್ದ ಎರಡು ಕೂಸು ಬಂದವು.

"ಅಯ್ಯೋ ಮರುಳೇ!" ಎಂದು ಕೂಗಿದರು. "ಅವಳಿ ಮಕ್ಕಳಲ್ಲಿ ಒಂದನ್ನು ತೂಗಿ, ಇನ್ನೊಂದೂ ಅಷ್ಟೇ ಅಂತ ಕಾರ್ಡಿನಲ್ಲಿ ಬರೆದ ಹಾಗಾಯ್ತಲ್ಲ ಇದು! ಪಾಂಗಾಳದ ಅವಳಿಗಳಲ್ಲಿ ಒಂದು ಎರಡೂವರೆ ಕಿಲೋ, ಇನ್ನೊಂದು ಒಂದೂವರೆ. ನನ್ನ ಎಡಗಾಲು ಆ ಒಂದೂವರೆ ಕಿಲೋದ್ದು!"

"ಯಾಕೆ? ಎಡಗಾಲಿಗೆ ಎಂತ ಆಗಿದೆ?"

"ಮುರಿದಿತ್ತು. ನಿನಗೆ ಹೇಳಿರಲಿಲ್ವಾ?"

ಹೇಳಿರಲಿಲ್ಲ. ಯಾರಿಗೂ ಹೇಳುವ ಅಭ್ಯಾಸವೇ ಅವರಿಗಿರಲಿಲ್ಲ. ಇಪ್ಪತ್ತೊಂದು ವರ್ಷದ ಹಿಂದೆ ಜುಲೈ ತಿಂಗಳಲ್ಲಿ, ತೋಡು ದಾಟುವ ಅಡಿಕೆ ಮರದ ಸಂಕದ ಮೇಲೆ ಕಾಲು ಜಾರಿ, ಲಸಿಕೆ ಪೆಟ್ಟಿಗೆಯನ್ನು ತಲೆಯ ಮೇಲೆ ಎತ್ತಿ ಹಿಡಿದೇ ಕೆಳಗೆ ಬಿದ್ದಿದ್ದರು. ಎಡಗಾಲಿನ ಮಣಿಗಂಟು ಎರಡು ಕಡೆ ಮುರಿಯಿತು. ಲಸಿಕೆಯ ಒಂದು ಸೀಸೆಯೂ ಒಡೆಯಲಿಲ್ಲ, ಇದನ್ನು ಮಾತ್ರ ಅವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಎರಡು ತಿಂಗಳಿಗೆ ಪ್ಲಾಸ್ಟರ್ ಬಿಚ್ಚಿಸಿ ಮತ್ತೆ ಸೈಕಲ್ ಹತ್ತಿದರು. ಮೂಳೆ ಕೂಡಿತು. ಆದರೆ ಮೈಗೆ ಹೆದರಿಕೆ ಉಳಿಯಿತು. ಅಂದಿನಿಂದ ಸೈಕಲ್ ನಿಲ್ಲಿಸುವಾಗ ಅವರು ಬಲಗಾಲನ್ನೇ ಮೊದಲು ನೆಲಕ್ಕೆ ಊರುತ್ತಿದ್ದರು. ಇಳಿಯುವ ಪದ್ಧತಿ ತಿರುಗಿಹೋದದ್ದು ಅವರ ಗಮನಕ್ಕೇ ಬಂದಿರಲಿಲ್ಲ.

ಅಕ್ಷಿತ್ ಫೋನಿನ ಆ ಕಡೆ ನಾಲಿಗೆ ಕಚ್ಚಿಕೊಂಡ. ಕಾಲು ನೋಡುವುದೇ ಕಸುಬಾದ ತಾನು ಕಾಲನ್ನೇ ನೋಡದೆ ಪರದೆ ನೋಡಿದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಮರುದಿನವೇ ಮಣಿಪಾಲಕ್ಕೆ ಕರೆಸಿಕೊಂಡ. ಅಲ್ಲಿ ಎರಡು ಕಾಲನ್ನೂ ಬೇರೆ ಬೇರೆಯಾಗಿ ಅಳೆಯುವ, ನಿಂತಲ್ಲೇ ತುಳಿಯುವ ಸೈಕಲೊಂದಿತ್ತು. ಮತ್ತೆ ಇಪ್ಪತ್ತು ನಿಮಿಷ. ಎಡಗಾಲು ನಲವತ್ತೆಂಟು. ಬಲಗಾಲು ಎಪ್ಪತ್ತೆಂಟು. ಒಟ್ಟು ನೂರ ಇಪ್ಪತ್ತಾರು!

"ಸಿಸ್ಟರಕ್ಕ, ಈ ಬಲದಲ್ಲಿ ನೀವು ಇನ್ನೂರು ಮುಗಿಸಲೇಬೇಕು," ಅಂದ ಅಕ್ಷಿತ್. "ಕಳೆದ ವರ್ಷ ಬಲದೊಡೆ ಹಿಡಿದುಕೊಂಡದ್ದು ಯಾಕೆ ಅಂತ ಈಗ ಗೊತ್ತಾಯ್ತು. ಅದೊಂದೇ ದುಡಿಯುತ್ತಿತ್ತು."

ಗುಣವತಿ ತನ್ನ ಎಡಗಾಲನ್ನು ದಿಟ್ಟಿಸಿ ನೋಡಿದರು. ಸಿಟ್ಟು ಬರಲಿಲ್ಲ, ಅಯ್ಯೋ ಅನ್ನಿಸಿತು. ಕಡಿಮೆ ತೂಕದ ಮಗುವನ್ನು ಕಂಡಾಗ ಅವರಿಗೆ ಯಾವಾಗಲೂ ಹಾಗೆಯೇ. ಅಂಥ ಮಗುವಿಗೆ ಏನು ಮಾಡಬೇಕೆಂದು ಈ ಭೂಮಿಯ ಮೇಲೆ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಈಗ ನಿಮಗೆ ಎರಡೂ ಕಡೆ ಅಳೆಯುವ ಮೀಟರ್ ಹುಡುಕುವ," ಅಂದ ಅಕ್ಷಿತ್.

"ಎಂತಕ್ಕೆ? ಬಲಗಾಲು ಚೆನ್ನಾಗಿ ಉಂಟಲ್ಲ. ಗಟ್ಟಿಮುಟ್ಟಾದ ಮಗುವನ್ನು ವಾರ ವಾರ ತೂಗುವುದಿಲ್ಲ ನಾವು. ಸೊರಗಿದ್ದನ್ನು ತೂಗುವುದು. ನಿನ್ನ ಮೀಟರ್ ಸರಿಯಾದ ಕಡೆಯಲ್ಲೇ ಉಂಟು. ಇದೇ ಇರಲಿ, ನಾನು ಅರ್ಧ ಮಾಡಿ ಓದಿಕೊಳ್ತೇನೆ."

ಹೀಗೆ ತೀರ್ಮಾನವಾಯಿತು. ಕಪಾಟಿನ ತಳದಲ್ಲಿ ಮಕ್ಕಳ ಬೆಳವಣಿಗೆ ಬರೆಯುವ ಹಳೆಯ ಕಾರ್ಡುಗಳು ಉಳಿದಿದ್ದವು, ಹಸಿರು, ಹಳದಿ, ಕೇಸರಿ ಪಟ್ಟಿಗಳವು. ಒಂದನ್ನು ತೆಗೆದು 'ಮಗುವಿನ ಹೆಸರು' ಎಂಬಲ್ಲಿ 'ಎಡಗಾಲು' ಎಂದು ಬರೆದು ಫ್ರಿಜ್ಜಿಗೆ ಅಂಟಿಸಿದರು. ಪ್ರತಿ ಭಾನುವಾರ ಒಂದು ಚುಕ್ಕೆ. ನಲವತ್ತೆಂಟು, ನಲವತ್ತೊಂಬತ್ತು, ಒಂದು ವಾರ ನಲವತ್ತೇಳಕ್ಕೆ ಇಳಿಯಿತು. ಶೇಖರಣ್ಣ ಗಾಬರಿಯಾದರು. ಗುಣವತಿ ಆಗಲಿಲ್ಲ. ಒಂದು ದಿನದ ತೂಕ ನೋಡಿ ಅಳಬೇಡ, ಗೆರೆ ಎತ್ತ ಹೋಗುತ್ತದೆ ನೋಡು ಎಂದು ಸಾವಿರ ತಾಯಂದಿರಿಗೆ ಹೇಳಿದ ಬಾಯಿ ಅದು. ಏರಿನಲ್ಲಿ ಬಲಗಾಲನ್ನು ಸುಮ್ಮನಿರಿಸಿ ಎಡಗಾಲಿನಿಂದ ಮಾತ್ರ ಹತ್ತು ಹತ್ತು ಸಲ ತುಳಿದರು. ಸಂಜೆ ಅದಕ್ಕೆ ಎಣ್ಣೆ ತಿಕ್ಕುತ್ತ "ಜಾಣೆ, ಇನ್ನೊಂದು ತುತ್ತು" ಎಂಬ ಧಾಟಿಯಲ್ಲಿ ಮಾತಾಡಿಸಿದರು. ಗಂಡ ಹೆಂಡತಿ ಇಬ್ಬರೂ ಇದಕ್ಕೆ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದರು. ಐವತ್ತೆರಡು, ಐವತ್ತೈದು. ನವೆಂಬರ್ ಮುಗಿಯುವಾಗ ಐವತ್ತೇಳು.

ಡಿಸೆಂಬರಿನ ಆ ಭಾನುವಾರ ಬೆಳಿಗ್ಗೆ ದೀಪಸ್ತಂಭದ ಬಳಿ ನಲವತ್ತು ಮಂದಿ ಸವಾರರು ಸೇರಿದ್ದರು. ಎಂಬತ್ತನಾಲ್ಕರ ವಾರಿಜಕ್ಕನೂ ಮೊಮ್ಮಗನ ಕಾರಿನಲ್ಲಿ ಬಂದಿಳಿದಿದ್ದರು. ನೆಟ್ಟಗೆ ಗುಣವತಿಯ ಬಳಿ ಬಂದು, ಸೆರಗಿನ ಗಂಟಿನಿಂದ ಕಾಡಿಗೆ ಡಬ್ಬಿ ತೆಗೆದರು. ಹ್ಯಾಂಡಲಿನ ಮೇಲೆ ಸಂಖ್ಯೆ ಹೊಳೆಯುತ್ತಿದ್ದ ಪರದೆಯನ್ನು ನೋಡಿ, "ಇದಾ ಅಳೆಯುವುದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅದರ ನಡುಮಧ್ಯಕ್ಕೆ ಕಪ್ಪು ಬೊಟ್ಟು ಒತ್ತಿದರು.

"ಅಜ್ಜೀ! ಸ್ಕ್ರೀನ್!" ಎಂದು ಅಕ್ಷಿತ್ ಕಿರುಚಿದ.

"ನೀನು ಬಾಯಿ ಮುಚ್ಚು. ನಿನ್ನನ್ನು ತೂಗುವಾಗ ಇಟ್ಟದ್ದು ಇವಳೇ. ದೃಷ್ಟಿ ಬೀಳುವುದಿದ್ದರೆ ಇದಕ್ಕೆ ಬೀಳಲಿ, ನನ್ನ ಸಿಸ್ಟರಿಗೆ ಬೇಡ."

ಗುಣವತಿ ವಾರಿಜಕ್ಕನ ಕೈಯನ್ನು ಒಮ್ಮೆ ಹಿಡಿದು ಬಿಟ್ಟು, ಸೈಕಲ್ ಹತ್ತಿದರು.

ಉಡುಪಿ ದಾಟಿ ಮಣಿಪಾಲದ ಗುಡ್ಡ ಏರುವಾಗ ನೋಡಿದರೆ ಬೊಟ್ಟಿನಡಿ ಸಂಖ್ಯೆಯ ಮೊದಲ ಅಂಕಿಗಳು ಮುಚ್ಚಿಹೋಗಿ, ಕೊನೆಯ ಅಂಕಿ ಮಾತ್ರ ಇಣುಕುತ್ತಿತ್ತು. ಆರು. ಎರಡು. ಒಂಬತ್ತು. ಯಾವುದರ ಆರು, ಯಾವುದರ ಒಂಬತ್ತು ಎಂದು ದೇವರೇ ಬಲ್ಲ. ಒರೆಸಬಹುದಿತ್ತು. ಒರೆಸಲು ಮನಸ್ಸಾಗಲಿಲ್ಲ. ಹತ್ತು ವಾರ ಆ ಸಂಖ್ಯೆಯನ್ನು ನೋಡಿ ನೋಡಿ ಎಡಗಾಲಿಗೆ ತನ್ನ ಪಾಲು ಎಷ್ಟೆಂದು ಗೊತ್ತಾಗಿತ್ತು. ಪೆರ್ಡೂರಿನಲ್ಲಿ ಬಾಳೆಹಣ್ಣು ತಿಂದರು, ಹೆಬ್ರಿಯಲ್ಲಿ ಶರಬತ್ತು ಕುಡಿದರು. ಕಾರ್ಕಳದ ಬಸ್ ನಿಲ್ದಾಣದಲ್ಲಿ ಶೇಖರಣ್ಣನ ಹಳೆಯ ಡ್ರೈವರೊಬ್ಬರು "ಅಕ್ಕಾ, ರೈಟ್ ರೈಟ್!" ಎಂದು ಕೂಗಿದರು. ಬಜಗೋಳಿಯ ಆಚೆ ನೂರು ಮುಟ್ಟಿಸಿ ತಿರುಗಿದಾಗ ಗಂಟೆ ಹನ್ನೆರಡೂವರೆ.

ಸಂಜೆ ಆರಕ್ಕೆ ಹತ್ತು ನಿಮಿಷವಿರುವಾಗ ಪರ್ಕಳದ ಏರಿನ ಬುಡಕ್ಕೆ ಬಂದರು. ಕಳೆದ ವರ್ಷ ಕೂತಿದ್ದ ಕಲ್ಲು ಅಲ್ಲೇ ಇತ್ತು. ಬಲದೊಡೆ ಎಲ್ಲೋ ಒಳಗೆ ಸಣ್ಣಗೆ ಜುಂ ಎಂದಿತು. ಆಗ ಗುಣವತಿ ಬಲಗಾಲನ್ನು ಸಡಿಲ ಬಿಟ್ಟು, "ಈಗ ನೀನು ಬಾ ಮಗಳೇ" ಎಂದು ಎಡಗಾಲನ್ನು ಗಟ್ಟಿಯಾಗಿಯೇ ಕರೆದರು. ಪಕ್ಕದಲ್ಲಿ ಹೋಗುತ್ತಿದ್ದ ರಿಕ್ಷಾದವನು ತನ್ನನ್ನು ಕರೆದದ್ದೆಂದು ನಿಧಾನ ಮಾಡಿದ. ಎಡಗಾಲು ಬಂತು. ಒಂದೊಂದೇ ಸುತ್ತು, ಒಂದೊಂದೇ ಸುತ್ತು, ನಿಲ್ಲದೆ ಮೇಲೆ ತಂದಿತು. ಮಣಿಪಾಲದ ದೀಪಗಳು ಕಂಡಾಗ ಗುಣವತಿ ಯಾರ ಹಂಗೂ ಇಲ್ಲದೆ ಗಟ್ಟಿಯಾಗಿ ನಕ್ಕರು. ಆಮೇಲೆ ಉಡುಪಿಯವರೆಗೆ ಬರೀ ಇಳಿಜಾರು.

ದೀಪಸ್ತಂಭದ ಬಳಿ ಶೇಖರಣ್ಣ ಕೈಗಡಿಯಾರ ನೋಡುತ್ತ ನಿಂತಿದ್ದರು, ಪಕ್ಕದಲ್ಲಿ ಕುರ್ಚಿ ಹಾಕಿ ವಾರಿಜಕ್ಕ, ಅವರ ಕೈಯಲ್ಲಿ ಬೆಲ್ಲ, ತಂಬಿಗೆ ನೀರು. ಬೆಳಿಗ್ಗೆ ಇಟ್ಟ ಕಾಡಿಗೆ ಸಾಲದು ಎಂಬಂತೆ ಆ ಅಜ್ಜಿ ಮನೆಗೆ ಹೋಗಿ ಮತ್ತೆ ಬಂದಿದ್ದರು. ಏಳು ಗಂಟೆ ಹನ್ನೊಂದು ನಿಮಿಷಕ್ಕೆ ಸೈಕಲಿನ ದೀಪ ತಿರುವಿನಲ್ಲಿ ಕಂಡಿತು.

"ಹತ್ತೊಂಬತ್ತು ನಿಮಿಷ ಮುಂಚೆ!" ಎಂದು ಶೇಖರಣ್ಣ ಕೂಗಿದರು. ಮೂವತ್ತು ವರ್ಷದಲ್ಲಿ ತನ್ನ ಬಸ್ಸು ಒಮ್ಮೆಯೂ ಇಷ್ಟು ಮುಂಚೆ ಮುಟ್ಟಿರಲಿಲ್ಲ ಎಂಬುದನ್ನು ಆ ಹೊತ್ತಿನಲ್ಲಿ ಒಪ್ಪಿಕೊಂಡರು ಕೂಡ.

ಗುಣವತಿ ಬಂದು ಸೈಕಲ್ ನಿಲ್ಲಿಸಿದ ಕೂಡಲೇ ಬಳಗದವರು ಚಪ್ಪಾಳೆ ತಟ್ಟಿದರು. ಅಕ್ಷಿತ್ ಓಡಿ ಬಂದು, ಪರದೆ ಕಳಚಿಕೊಂಡು ಒಳಗಿನ ಸಂಖ್ಯೆಗಳೆಲ್ಲ ಹೇಗಿವೆಯೋ ಎಂದು ಅಲ್ಲೇ ಒರೆಸತೊಡಗಿದ. ವಾರಿಜಕ್ಕ ಬೆಲ್ಲ ನೀರು ಹಿಡಿದುಕೊಂಡು ಎದ್ದರು. ಆದರೆ ಶೇಖರಣ್ಣನ ಕಣ್ಣು ಮಾತ್ರ ಹೆಂಡತಿಯ ಕಾಲಿನ ಮೇಲಿತ್ತು. ಬಸ್ಸಿನ ಬಾಗಿಲಲ್ಲಿ ನಿಂತು, ಇಳಿಯುವವರ ಪಾದ ನೋಡಿಯೇ ರೈಟ್ ಹೇಳುವ ಮೂವತ್ತು ವರ್ಷದ ಅಭ್ಯಾಸ ಅದು.

"ಗುಣ," ಅಂದರು ಮೆಲ್ಲಗೆ. "ಕಾಲು ನೋಡು."

ಗುಣವತಿ ಬಗ್ಗಿ ನೋಡಿದರು. ಬಲಗಾಲು ಇನ್ನೂ ಪೆಡಲಿನ ಮೇಲೆಯೇ ಇತ್ತು. ಇಡೀ ಮೈಭಾರ ಹೊತ್ತು, ಮರಳಿನ ಮೇಲೆ ಗಟ್ಟಿಯಾಗಿ ಊರಿ ನಿಂತದ್ದು ಎಡಗಾಲು.